ಓಡಬಲ್ಲದು, ಆದರೆ ಬಿಡುವುದಿಲ್ಲ

2023ರಲ್ಲಿ ಜರ್ಮನಿಯ ಪಾಪೆನ್‌ಬುರ್ಗ್ ಪರೀಕ್ಷಾ ಟ್ರ್ಯಾಕಿನಲ್ಲಿ ಒಂದು ಕಾರು ಗಂಟೆಗೆ 275.74 ಕಿಲೋಮೀಟರ್ ವೇಗದಲ್ಲಿ ಓಡಿ ಗಿನ್ನೆಸ್ ದಾಖಲೆ ಬರೆಯಿತು. ಓಡಿದ್ದು ಮುಂದಕ್ಕಲ್ಲ, ಹಿಂದಕ್ಕೆ. ಕ್ರೊಯೇಷಿಯಾದ ರಿಮಾಕ್ ಕಂಪನಿಯ ನೆವೆರಾ ಅದು, ಎಲೆಕ್ಟ್ರಿಕ್ ಕಾರು. ಪೆಟ್ರೋಲ್ ಕಾರಿನಲ್ಲಿ ರಿವರ್ಸ್‌ಗೆಂದೇ ಬೇರೆ ಗೇರ್ ಇರುತ್ತದೆ, ಅದು ಕಿರುಚಿಕೊಂಡು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಆ ಗೇರೇ ಇಲ್ಲ. ಮೋಟಾರನ್ನು ಉಲ್ಟಾ ತಿರುಗಿಸಿದರೆ ಮುಗಿಯಿತು. ಮುಂದಕ್ಕೆ ಎಷ್ಟು ವೇಗವೋ ಹಿಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೋಗುವ ತಾಕತ್ತು ಅದಕ್ಕಿದೆ. ನಮ್ಮ ನಿಮ್ಮ ಮನೆಯ ಎಲೆಕ್ಟ್ರಿಕ್ ಕಾರು ಹಾಗೆ ಹೋಗದಿರುವುದು ಒಳಗಿನ ಸಾಫ್ಟ್‌ವೇರ್ ಬೇಡ ಅನ್ನುವುದರಿಂದ.

ಆ ವಿಡಿಯೊವನ್ನು ಮೊಬೈಲಿನಲ್ಲಿ ನನಗೆ ತೋರಿಸಿದವನು ತಂಗಿಯ ಗಂಡ. ಮಂಡ್ಯದವನು. ಎಲೆಕ್ಟ್ರಿಕ್ ಕಾರು ಕೊಂಡು ಆರು ತಿಂಗಳಾಗಿತ್ತು, ಅದರ ಮೇಲೆ ಅವನಿಗೆ ಪ್ರೀತಿಯೂ ಇತ್ತು, ಒಂದು ಸಿಟ್ಟೂ ಇತ್ತು. “ನೋಡಿ ಭಾವ, ಅವ್ನು ಹಿಂದಕ್ಕೇ ಇನ್ನೂರ ಎಪ್ಪತ್ತೈದು ಹೋಗ್ತಾವ್ನೆ. ನಮ್ದು ಮುಂದಕ್ಕೆ ಹೋದ್ರೂ ನೂರ ನಲವತ್ತಕ್ಕೆ ಕಟ್ಟು!” ಅವನ ಹಳೆಯ ಡೀಸೆಲ್ ಕಾರಿಗೆ ಇದರ ಮುಕ್ಕಾಲು ಪಾಲು ಎಚ್‌ಪಿಯೂ ಇರಲಿಲ್ಲ. ಆದರೂ ಅದು ನೂರ ಅರವತ್ತು ಮುಟ್ಟುತ್ತಿತ್ತಂತೆ. ಎಚ್‌ಪಿ ಜಾಸ್ತಿ, ಸಿಗ್ನಲ್ ಬಿಟ್ಟ ಕೂಡಲೇ ಚಿಮ್ಮುವ ಚುರುಕೂ ಜಾಸ್ತಿ, ಟಾಪ್ ಸ್ಪೀಡ್ ಮಾತ್ರ ಕಡಿಮೆ. ಕಂಪನಿಯವರು ಮೋಸ ಮಾಡಿದ್ದಾರೆ ಎಂಬುದು ಅವನ ತೀರ್ಮಾನ.

ಇದು ಒಬ್ಬನ ಕಾರಿನ ಕಥೆಯಲ್ಲ. ನಿಸ್ಸಾನ್ ಲೀಫ್ ನಿಲ್ಲುತ್ತಿದ್ದುದು 144ರಲ್ಲಿ. ಫೋಕ್ಸ್‌ವ್ಯಾಗನ್‌ನ ಐಡಿ.3 ಓಡುವ ಊರಿನಲ್ಲಿ ವೇಗಮಿತಿಯೇ ಇಲ್ಲದ ಹೆದ್ದಾರಿಗಳಿದ್ದರೂ ಅದು 160ಕ್ಕೆ ಸಾಕೆನ್ನುತ್ತದೆ. ಮರ್ಸಿಡಿಸ್ ತನ್ನ ಪೆಟ್ರೋಲ್ ಕಾರುಗಳನ್ನು 250ರವರೆಗೆ ಬಿಟ್ಟರೂ ಮೊದಲ ಎಲೆಕ್ಟ್ರಿಕ್ ಎಸ್‌ಯುವಿ ಇಕ್ಯೂಸಿಯನ್ನು 180ಕ್ಕೆ ಹಿಡಿದಿಟ್ಟಿತು. ನಮ್ಮಲ್ಲಿ 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಗೆ 120ರ ಗಡಿ, ಎರಡು ವರ್ಷ ಬಿಟ್ಟು ಬಂದ ದೊಡ್ಡ ಬ್ಯಾಟರಿಯ ಮ್ಯಾಕ್ಸ್‌ಗೆ 140, ಮಹೀಂದ್ರದ ಎಕ್ಸ್‌ಯುವಿ400ಕ್ಕೆ 150. ಇವುಗಳಲ್ಲಿ ಯಾವುದರದ್ದೂ ಮೋಟಾರ್ ಶಕ್ತಿ ಮುಗಿದು ನಿಂತ ಅಂಕಿಯಲ್ಲ. 140 ಎಚ್‌ಪಿಯಷ್ಟು ಇರುವ ಕಾರನ್ನು ಬರೀ ಶಕ್ತಿಯ ಲೆಕ್ಕದಲ್ಲಿ ನೋಡಿದರೆ 200ರ ಆಚೆಗೂ ತಳ್ಳಬಹುದು. ಹಾಗಿರುವಾಗ ಲಗಾಮು ಹಿಡಿದವರು ಯಾರು?

ಉತ್ತರದ ಮೊದಲ ತುಂಡು ನನಗೆ ಸಿಕ್ಕಿದ್ದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಅವನ ಪಕ್ಕದ ಸೀಟಿನಲ್ಲಿ ಕೂತಿದ್ದಾಗ. ಅಲ್ಲಿ ಕಾರಿಗೆ 100ರ ಮಿತಿ, ಕಂಬಕಂಬಕ್ಕೆ ಕ್ಯಾಮೆರಾ. 2024ರ ಆಗಸ್ಟ್‌ನಿಂದ 130 ಮೀರಿದವರ ಮೇಲೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಿದ ಮೇಲೆ ಅವನೂ ತಣ್ಣಗಾಗಿದ್ದ. ಸ್ಟೇರಿಂಗ್ ಹಿಂದಿನ ಪರದೆಯಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಯೂನಿಟ್ ಕರೆಂಟು ಹೋಗುತ್ತಿದೆ ಎಂದು ತೋರಿಸುವ ಒಂದು ಮೂಲೆ ಇದೆ. ಬಿಡದಿ ದಾಟಿದ ಮೇಲೆ ಲಾರಿಗಳ ಹಿಂದೆ 80ರಲ್ಲಿ ಹೋಗುತ್ತಿದ್ದಾಗ ಅದು 12ರ ಆಸುಪಾಸು ಆಡುತ್ತಿತ್ತು. ರಸ್ತೆ ಖಾಲಿಯಾಗಿ 100 ಹಿಡಿದ ಹತ್ತು ನಿಮಿಷದಲ್ಲಿ 15 ತೋರಿಸಿತು. ಎಸಿ ಅಷ್ಟೇ, ಜನ ಅಷ್ಟೇ, ರಸ್ತೆ ಅದೇ. ವೇಗ ಕಾಲು ಭಾಗ ಏರಿತು, ಖರ್ಚೂ ಕಾಲು ಭಾಗ ಏರಿತು. “ಇಷ್ಟೇ ತಾನೆ” ಅಂದ ಅವನು. ಅಷ್ಟೇ ಅಲ್ಲ, ಇಲ್ಲಿಂದ ಮೇಲೆ ಗಾಳಿಯ ದರವೇ ಬೇರೆ.

ಕಾರು ನಡೆಯಲು ಎರಡು ಬಗೆಯ ಸುಂಕ ಕಟ್ಟಬೇಕು. ಒಂದು ರಸ್ತೆಗೆ, ಅಂದರೆ ಟೈರು ಉರುಳುವುದಕ್ಕೆ. ಅದು ಕಿಲೋಮೀಟರಿಗೆ ಇಷ್ಟು ಅಂತ ಹೆಚ್ಚುಕಡಿಮೆ ಒಂದೇ ದರ. ಇನ್ನೊಂದು ಗಾಳಿಗೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಆ ತಡೆಯನ್ನು ಕ್ಷಣಕ್ಷಣವೂ ದೂಡುತ್ತಿರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಸಾಧಾರಣ ಎತ್ತರದ, ಒಂದೂವರೆ ಟನ್ನಿಗಿಂತ ಸ್ವಲ್ಪ ಭಾರದ ಕಾರೊಂದು 80ರಲ್ಲಿ ಹೋಗುವಾಗ ಗಾಳಿಗೆ ಕೊಡುವುದು ನಾಲ್ಕು ಕಿಲೋವ್ಯಾಟ್ ಚಿಲ್ಲರೆ. ಅಡುಗೆಮನೆಯ ಎರಡು ಇಂಡಕ್ಷನ್ ಒಲೆ ಹಚ್ಚಿಟ್ಟಷ್ಟು. 160ರಲ್ಲಿ ಅದೇ ಕಾರು 34 ಕಿಲೋವ್ಯಾಟ್ ಕೊಡಬೇಕು. ಒಂದು ಬೀದಿಯ ಮನೆಗಳೆಲ್ಲ ಒಟ್ಟಿಗೆ ಒಲೆ ಹಚ್ಚಿದ ಹಾಗೆ.

ಈ ಸುಂಕ ಪೆಟ್ರೋಲ್ ಕಾರಿಗೂ ಇದೆಯಲ್ಲ, ಅದಕ್ಕೇಕೆ ಗೊತ್ತಾಗುವುದಿಲ್ಲ? ನನಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯ ಕಂಡದ್ದು ಇಲ್ಲೇ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಇದೆ. ನಲವತ್ತು ಲೀಟರ್ ಟ್ಯಾಂಕ್ ಅಂದರೆ 360 ಯೂನಿಟ್. ಅದರಲ್ಲಿ ಚಕ್ರಕ್ಕೆ ತಲುಪುವುದು ಕಾಲು ಭಾಗದಷ್ಟು. ಉಳಿದದ್ದು ಸೈಲೆನ್ಸರ್ ಮೂಲಕ, ರೇಡಿಯೇಟರ್ ಮೂಲಕ ಬಿಸಿಯಾಗಿ ಹೋಗುತ್ತದೆ. ನಿಧಾನಕ್ಕೆ ಓಡಿಸಿದರೂ ಈ ಪೋಲು ತಪ್ಪದು, ಟ್ರಾಫಿಕ್ಕಿನಲ್ಲಂತೂ ಹೆಚ್ಚೇ. ಹೀಗೆ ಎಲ್ಲ ಕಡೆ ಸೋರುವ ದೊಡ್ಡ ಜಮೀನುದಾರರ ಮನೆಯಲ್ಲಿ ಗಾಳಿ ಬಂದು ನಾಲ್ಕು ಸೇರು ಹೆಚ್ಚಿಗೆ ಒಯ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಎಲೆಕ್ಟ್ರಿಕ್ ಕಾರು ತಿಂಗಳ ಸಂಬಳದ ಮನೆ. ಇರುವುದೇ 40 ಯೂನಿಟ್, ಅದರಲ್ಲಿ ಹತ್ತಕ್ಕೆ ಒಂಬತ್ತರಷ್ಟು ನೇರವಾಗಿ ಚಕ್ರಕ್ಕೇ ಹೋಗುತ್ತದೆ. ಪೋಲೆಂಬುದೇ ಇಲ್ಲದ ಮನೆಯಲ್ಲಿ ಒಂದು ಖರ್ಚು ಏರಿದರೆ ಆ ತಿಂಗಳೇ ಕಾಣುತ್ತದೆ. ಎಲೆಕ್ಟ್ರಿಕ್ ಕಾರು ಗಾಳಿಗೆ ಹೆಚ್ಚೇನೂ ಕೊಡುತ್ತಿಲ್ಲ, ಕೊಟ್ಟದ್ದನ್ನು ಮುಚ್ಚಿಡುವುದಿಲ್ಲ, ಅಷ್ಟೇ.

ಆ ಮನೆಯ ಲೆಕ್ಕವನ್ನು ಒಂದು ಪ್ರಯಾಣಕ್ಕೆ ಹಚ್ಚಿ ನೋಡೋಣ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿಲೋಮೀಟರ್. 40 ಯೂನಿಟ್ ಬ್ಯಾಟರಿ, ಪೂರ್ತಿ ತುಂಬಿಸಿ ಹೊರಟದ್ದು, ತಲುಪುವಾಗ ನಾಲ್ಕು ಯೂನಿಟ್ ಉಳಿಯಬೇಕು. ದಾರಿಯಲ್ಲಿ ಸಿಗುವುದು 30 ಕಿಲೋವ್ಯಾಟಿನ ಚಾರ್ಜರ್, ಅಂದರೆ ನಿಮಿಷಕ್ಕೆ ಅರ್ಧ ಯೂನಿಟ್. ತುಮಕೂರು, ಚಿತ್ರದುರ್ಗ, ದಾವಣಗೆರೆ ಎಲ್ಲೂ ಅಡೆತಡೆಯಿಲ್ಲದೆ ಒಂದೇ ವೇಗದಲ್ಲಿ ಹೋಗಬಹುದು, ವೇಗಮಿತಿಯ ಭಯವೂ ಇಲ್ಲ ಎಂದುಕೊಳ್ಳಿ. ಲೆಕ್ಕದಲ್ಲಿ ಮಾತ್ರ ಸಾಧ್ಯವಾಗುವ ರಸ್ತೆ ಅದು.

100ರಲ್ಲಿ ಹೋದರೆ ಓಡಿಸುವ ಹೊತ್ತು ನಾಲ್ಕು ಗಂಟೆ ಆರು ನಿಮಿಷ. ಬೇಕಾಗುವುದು 62 ಯೂನಿಟ್, ದಾರಿಯಲ್ಲಿ ತುಂಬಿಸಬೇಕಾದ್ದು 26, ಅದಕ್ಕೆ 52 ನಿಮಿಷ. ಒಟ್ಟು ಐದು ಗಂಟೆಗೆ ಎರಡು ನಿಮಿಷ ಕಡಿಮೆ. 120ರಲ್ಲಿ ಹೋದರೆ ನೂರು ಕಿಲೋಮೀಟರಿಗೆ 19 ಯೂನಿಟ್ ಹೋಗುತ್ತದೆ. ಓಡಿಸುವುದು ಮೂರು ಗಂಟೆ ಇಪ್ಪತ್ತೈದು ನಿಮಿಷ, ಚಾರ್ಜಿಂಗ್ ಒಂದು ಗಂಟೆ ಇಪ್ಪತ್ನಾಲ್ಕು ನಿಮಿಷ, ಒಟ್ಟು ನಾಲ್ಕು ಗಂಟೆ ನಲವತ್ತೊಂಬತ್ತು ನಿಮಿಷ. ಒಂಬತ್ತು ನಿಮಿಷ ಉಳಿಯಿತು, ಆದರೆ ಒಂದು ಕಡೆ ನಿಲ್ಲುವ ಬದಲು ಎರಡು ಕಡೆ ನಿಲ್ಲಬೇಕಾಯಿತು. ಆ ಇನ್ನೊಂದು ಕಡೆ ಆ್ಯಪ್ ತೆರೆದು, ಕ್ಯೂಆರ್ ಕೋಡ್ ತೋರಿಸಿ, ಗನ್ ಸಿಕ್ಕಿಸುವಷ್ಟರಲ್ಲಿ ಆ ಒಂಬತ್ತು ನಿಮಿಷ ಮಂಗಮಾಯ. ಇನ್ನು 140. ಓಡಿಸುವುದು ಮೂರು ಗಂಟೆಗೂ ಕಡಿಮೆ, ಆಹಾ! ಆದರೆ ನೂರು ಕಿಲೋಮೀಟರಿಗೆ 24 ಯೂನಿಟ್, ದಾರಿಯಲ್ಲಿ ತುಂಬಿಸಬೇಕಾದ್ದು 62, ಚಾರ್ಜರಿನ ಮುಂದೆ ಎರಡು ಗಂಟೆಯ ಮೇಲೆ. ಒಟ್ಟು ಐದು ಗಂಟೆ. 100ರಲ್ಲಿ ಬಂದವನು ಆಗಲೇ ಹುಬ್ಬಳ್ಳಿಯಲ್ಲಿ ಕೈಕಾಲು ತೊಳೆಯುತ್ತಿರುತ್ತಾನೆ.

ಮೂರೂ ಅಂಕಿ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತದ್ದನ್ನು ನೋಡಿದರೆ, 140ರ ಆಚೆ ಬಿಡಲು ಕಂಪನಿಯವರು ಯಾಕೆ ತಲೆ ಕೆಡಿಸಿಕೊಳ್ಳಲಿಲ್ಲ ಎಂಬುದು ಅರ್ಥವಾಗುತ್ತದೆ. ಚಾರ್ಜರ್ ವೇಗವಾದಷ್ಟೂ ಈ ಲೆಕ್ಕ ಬದಲಾಗುತ್ತದೆ. ನೂರೈವತ್ತು ಕಿಲೋವ್ಯಾಟ್ ನುಂಗುವ ಕಾರು, ಕೊಡುವ ಚಾರ್ಜರ್ ಎರಡೂ ಇದ್ದ ಕಡೆ ಜೋರಾಗಿ ಓಡಿಸಿದವನೇ ಮೊದಲು ಮುಟ್ಟುತ್ತಾನೆ. ದುಬಾರಿ ಎಲೆಕ್ಟ್ರಿಕ್ ಕಾರುಗಳ ಗಡಿ 200 ದಾಟಿ ಏರಿರುವುದಕ್ಕೆ ದೊಡ್ಡ ಬ್ಯಾಟರಿಯ ಜೊತೆಗೆ ಇದೂ ಒಂದು ಕಾರಣ.

ಗಾಳಿಯಾಯಿತು. ಕಾರಿನೊಳಗೆ ಇನ್ನೂ ಗಟ್ಟಿಯಾದ ಒಂದು ಗಡಿ ಇದೆ. ಅದು ಒಂದೇ ಗೇರ್.

ಪೆಟ್ರೋಲ್ ಎಂಜಿನ್ ಚೆನ್ನಾಗಿ ಎಳೆಯುವ ಸುತ್ತುಗಳ ವ್ಯಾಪ್ತಿ ಚಿಕ್ಕದು. ಅದಕ್ಕೇ ಐದಾರು ಗೇರ್ ಬೇಕು. ಎಲೆಕ್ಟ್ರಿಕ್ ಮೋಟಾರ್ ಸೊನ್ನೆಯಿಂದಲೇ ಪೂರ್ತಿ ಬಲ ಕೊಡುತ್ತದೆ, ನಿಮಿಷಕ್ಕೆ ಹತ್ತು ಹದಿನಾರು ಸಾವಿರ ಸುತ್ತಿನವರೆಗೂ ಹೋಗುತ್ತದೆ. ಗೇರ್ ಬಾಕ್ಸ್ ಬಿಟ್ಟುಬಿಟ್ಟರೆ ತೂಕ ಉಳಿಯಿತು, ಖರ್ಚು ಉಳಿಯಿತು, ಕೆಡುವ ಒಂದು ಸಾಮಾನು ಕಡಿಮೆಯಾಯಿತು. ಆದರೆ ಆ ಒಂದೇ ಗೇರನ್ನು ಎಲ್ಲಿಗೆ ಹೊಂದಿಸುವುದು? ಐಡಿ.3ರ ಉದಾಹರಣೆ ತೆಗೆದುಕೊಳ್ಳಿ. ಅದರ ಮೋಟಾರ್ ಹೆಚ್ಚೆಂದರೆ ನಿಮಿಷಕ್ಕೆ 16,000 ಸುತ್ತು ತಿರುಗುತ್ತದೆ. ಮೋಟಾರ್ ಸುಮಾರು ಹನ್ನೊಂದೂವರೆ ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. ಅಂದರೆ ಚಕ್ರಕ್ಕೆ ನಿಮಿಷಕ್ಕೆ 1,400 ಸುತ್ತು ಸಿಕ್ಕಿತು. ಟೈರಿನ ಸುತ್ತಳತೆ ಎರಡು ಮೀಟರಿಗೆ ತುಸು ಹೆಚ್ಚು. ಗುಣಿಸಿದರೆ ನಿಮಿಷಕ್ಕೆ ಮೂರು ಕಿಲೋಮೀಟರ್, ಗಂಟೆಗೆ 180. ಅದು ಮೋಟಾರಿನ ನೆತ್ತಿ. ನೆತ್ತಿಗೆ ತಾಗುವ ಮೊದಲೇ, 160ರಲ್ಲಿ, ಕಂಪನಿ ನಿಲ್ಲಿಸುತ್ತದೆ.

ಹನ್ನೊಂದೂವರೆಯ ಬದಲು ಏಳಕ್ಕೆ ಹೊಂದಿಸಿದ್ದರೆ ಟಾಪ್ ಸ್ಪೀಡ್ ಏರುತ್ತಿತ್ತು. ಆದರೆ ನಾಲ್ಕು ಜನರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ನಿಂತು ಹೊರಡುವಾಗ ಅದೇ ಕಾರು ಏದುಸಿರು ಬಿಡುತ್ತಿತ್ತು. ಸಿಗ್ನಲ್‌ನಲ್ಲಿ ಚಿಮ್ಮುವ ಆ ಖುಷಿಯೂ ಹೋಗುತ್ತಿತ್ತು. ತಂಗಿಯ ಗಂಡ ಮೆಚ್ಚುವ ಚುರುಕು, ಬೈಯುವ ಗಡಿ, ಎರಡೂ ಒಂದೇ ನಿರ್ಧಾರದಿಂದ ಹುಟ್ಟಿದ ಅಣ್ಣತಮ್ಮಂದಿರು.

ಎರಡನ್ನೂ ಪಡೆಯಲು ಹೊರಟವರಿದ್ದಾರೆ. ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್‌ಗೆ ಎರಡು ಗೇರ್ ಇಡಬೇಕೆಂದೇ ಯೋಜನೆಯಿತ್ತು. ಸೊನ್ನೆಯಿಂದಲೇ ಅಪ್ಪಳಿಸುವ ಮೋಟಾರಿನ ಬಲಕ್ಕೆ ಆ ಗೇರ್ ಬಾಕ್ಸುಗಳು ಬಾಳಲಿಲ್ಲ. ಕೊನೆಗೆ 2008ರಲ್ಲಿ ಒಂದೇ ಗೇರ್ ಇಟ್ಟು, ಗಂಟೆಗೆ 201 ಕಿಲೋಮೀಟರಿಗೆ ಗಡಿ ಹಾಕಿ, ಮೋಟಾರಿಗೆ ಹೆಚ್ಚು ಕರೆಂಟು ಕೊಡುವ ದಾರಿ ಹಿಡಿದರು. ಹತ್ತು ವರ್ಷ ಕಳೆದು ಪೋರ್ಷೆ ತನ್ನ ಟೈಕಾನ್‌ನ ಹಿಂದಿನ ಆಕ್ಸಲಿಗೆ ಎರಡು ಗೇರ್ ಕೂರಿಸಿ ಗೆದ್ದಿತು. ಮೊದಲನೆಯದು ಸುಮಾರು ಹದಿನೈದಕ್ಕೆ ಒಂದು, ಎರಡನೆಯದು ಎಂಟಕ್ಕೆ ಒಂದು. ಟರ್ಬೊ ಎಸ್ 260 ಮುಟ್ಟುತ್ತದೆ. ಅದರ ಬೆಲೆಯಲ್ಲಿ ನಮ್ಮಲ್ಲಿ ಒಂದು ಒಳ್ಳೆಯ ಮನೆ ಬರುತ್ತದೆ, ಅದು ಬೇರೆ ಮಾತು.

ಮೋಟಾರನ್ನೇ ಇನ್ನಷ್ಟು ಜೋರಾಗಿ ತಿರುಗಿಸಿದರಾಗದೆ? ಒಳಗೆ ತಿರುಗುವ ಭಾಗಕ್ಕೆ ರೋಟರ್ ಎನ್ನುತ್ತಾರೆ. ಈಗಿನ ಬಹುಪಾಲು ಕಾರುಗಳಲ್ಲಿ ತೆಳು ಉಕ್ಕಿನ ತಗಡುಗಳ ಅಡುಕು ಅದು, ಅದರ ಸೀಳುಗಳಲ್ಲಿ ಆಯಸ್ಕಾಂತದ ಪಟ್ಟಿಗಳನ್ನು ತುರುಕಿರುತ್ತಾರೆ. ಸುತ್ತಲಿನ ತಾಮ್ರದ ಸುರುಳಿಯಿರುವ ಭಾಗಕ್ಕೂ ರೋಟರಿಗೂ ನಡುವೆ ಒಂದು ಮಿಲಿಮೀಟರಿನಷ್ಟು ಸಂದು. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಗೊತ್ತು, ತಿರುಗಿಸಿದಷ್ಟೂ ಕಲ್ಲು ಕೈಯನ್ನು ಜಗ್ಗುತ್ತದೆ. ಇಲ್ಲಿ ಹದಿನೈದು ಸೆಂಟಿಮೀಟರ್ ಅಗಲದ ರೋಟರ್ ನಿಮಿಷಕ್ಕೆ 16,000 ಸುತ್ತು ತಿರುಗುವಾಗ ಅದರ ಅಂಚಿನಲ್ಲಿರುವ ಹತ್ತು ಗ್ರಾಂ ಆಯಸ್ಕಾಂತ ಹೊರಕ್ಕೆ ಜಗ್ಗುವ ಬಲ ಇನ್ನೂರು ಕಿಲೋ ತೂಕಕ್ಕೂ ಮಿಗಿಲು. ಎರಡು ಅಕ್ಕಿ ಮೂಟೆಗಿಂತ ಹೆಚ್ಚು! ಅದನ್ನು ಹಿಡಿದಿಟ್ಟಿರುವುದು ತಗಡಿನ ಅಂಚಿನ ಒಂದು ಎಳೆ ಉಕ್ಕು. ಸುತ್ತು ಎರಡು ಪಟ್ಟಾದರೆ ಈ ಜಗ್ಗಾಟ ನಾಲ್ಕು ಪಟ್ಟು. ಟೆಸ್ಲಾ 2021ರ ಪ್ಲ್ಯಾಡ್ ಕಾರಿನಲ್ಲಿ ರೋಟರಿಗೆ ಕಾರ್ಬನ್ ನಾರಿನ ಬಿಗಿ ಪಟ್ಟಿ ಸುತ್ತಿದ್ದು ಇದಕ್ಕೇ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಹಳೆಯ ಸೈಕಲ್ಲಿನ ಡೈನಮೊ ನೆನಪಿಸಿಕೊಳ್ಳಿ. ಜೋರಾಗಿ ತುಳಿದಷ್ಟೂ ದೀಪ ಪ್ರಕಾಶ. ತಿರುಗುವ ಆಯಸ್ಕಾಂತ ಕರೆಂಟು ಹುಟ್ಟಿಸದೆ ಇರಲಾರದು. ಕಾರಿನ ಮೋಟಾರ್ ಕೂಡ ತಿರುಗುತ್ತಲೇ ಡೈನಮೊ ಆಗಿ, ಬ್ಯಾಟರಿಗೆ ಎದುರಾಗಿ ವೋಲ್ಟೇಜ್ ಒಡ್ಡುತ್ತದೆ. ವೇಗ ಏರಿದಂತೆ ಈ ಎದುರೊತ್ತಡ ಏರಿ ಒಂದು ಹಂತದಲ್ಲಿ ಬ್ಯಾಟರಿಯ ವೋಲ್ಟೇಜಿಗೆ ಸಮವಾಗುತ್ತದೆ. ಆಮೇಲೆ ಕರೆಂಟು ಒಳಗೆ ಹೋಗುವುದಾದರೂ ಹೇಗೆ? ಅದಕ್ಕೊಂದು ಉಪಾಯವಿದೆ: ಕರೆಂಟಿನ ಒಂದು ಪಾಲನ್ನು ಮೋಟಾರಿನ ಸ್ವಂತ ಆಯಸ್ಕಾಂತವನ್ನು ಮಂಕು ಮಾಡಲಿಕ್ಕೇ ಬಳಸುವುದು. ಕಾರು ಹೆದ್ದಾರಿ ವೇಗದಲ್ಲಿ ಹೋಗುವಾಗ ಇದು ನಡೆಯುತ್ತಲೇ ಇರುತ್ತದೆ. ಆ ಪಾಲು ಚಕ್ರ ತಿರುಗಿಸುವುದಿಲ್ಲ, ಬರೀ ಬಿಸಿ. ಇದಕ್ಕಿಂತ ದೊಡ್ಡ ಭಯ ಬೇರೊಂದು. ಜೋರು ಓಟದಲ್ಲಿರುವಾಗ ಮೋಟಾರನ್ನು ಆಡಿಸುವ ಇನ್ವರ್ಟರ್ ಏಕಾಏಕಿ ಕೈಕೊಟ್ಟರೆ, ಮಂಕಾಗಿದ್ದ ಆಯಸ್ಕಾಂತ ಮತ್ತೆ ಪೂರ್ತಿ ಎಚ್ಚರಗೊಂಡು ಡೈನಮೊ ವೋಲ್ಟೇಜ್ ಒಮ್ಮೆಗೇ ಮೇಲೇರುತ್ತದೆ. ಅದನ್ನು ತಡೆದುಕೊಳ್ಳುವಷ್ಟು ಸರ್ಕ್ಯೂಟ್ ಗಟ್ಟಿ ಇಲ್ಲದಿದ್ದರೆ ಸುಟ್ಟಿತು. ಎಂಜಿನಿಯರುಗಳು ಟಾಪ್ ಸ್ಪೀಡ್ ಗೊತ್ತು ಮಾಡುವಾಗ ಇದನ್ನೂ ಎದುರಿಗಿಟ್ಟುಕೊಂಡೇ ಕೂರುತ್ತಾರೆ.

ಇನ್ನು ಬಿಸಿಯ ವಿಚಾರ. ಕರಾವಳಿಯ ಕಂಬಳದ ಕೋಣ ಹದಿಮೂರು ಹದಿನಾಲ್ಕು ಸೆಕೆಂಡು ಓಡುವ ಓಟವನ್ನು ನೋಡಿ, ಇಡೀ ದಿನ ಗದ್ದೆ ಉಳುವಾಗಲೂ ಅದೇ ವೇಗ ಬೇಕೆಂದು ಯಾರೂ ಕೇಳುವುದಿಲ್ಲ. ಕಾರಿನ ಜಾಹೀರಾತಿನಲ್ಲಿ ಬರುವ ಎಚ್‌ಪಿ ಕಂಬಳದ ಎಚ್‌ಪಿ. ನಿರಂತರ ಕೊಡಬಲ್ಲ ಶಕ್ತಿಯೇ ಬೇರೆ. ಅದನ್ನು ಅಳೆಯಲು ಮೂವತ್ತು ನಿಮಿಷದ ಪವರ್ ಎಂಬ ಪರೀಕ್ಷೆಯೇ ಇದೆ, ಯುರೋಪಿನಲ್ಲಿ ಕಾರಿನ ನೋಂದಣಿ ಪತ್ರದಲ್ಲಿ ನಮೂದಾಗುವುದೂ ಆ ಅಂಕಿಯೇ. ಐಡಿ.3ರ ಜಾಹೀರಾತಿನಲ್ಲಿ 150 ಕಿಲೋವ್ಯಾಟ್, ನೋಂದಣಿ ಪತ್ರದಲ್ಲಿ 70. ಓವರ್‌ಟೇಕ್ ಮಾಡುವ ಹತ್ತು ಸೆಕೆಂಡಿಗೆ 150 ಸಿಗುತ್ತದೆ. ಆದರೆ ಟಾಪ್ ಸ್ಪೀಡ್ ಎನ್ನುವುದು ಹತ್ತು ಸೆಕೆಂಡಿನ ಮಾತಲ್ಲ, ಬಿಟ್ಟರೆ ಜನ ಅರ್ಧ ಗಂಟೆ ಅದರಲ್ಲೇ ಹೋಗುತ್ತಾರೆ. 200ರಲ್ಲಿ ಒಂದೇ ಸಮನೆ ಓಡಲು ನಾನು ಮೇಲೆ ಹೇಳಿದ ಕಾರಿಗೆ 80 ಕಿಲೋವ್ಯಾಟಿಗೂ ಹೆಚ್ಚು ಬೇಕು. 40 ಯೂನಿಟ್ ಬ್ಯಾಟರಿಯನ್ನು ಅರ್ಧ ಗಂಟೆಯೊಳಗೆ ಹಿಂಡಿ ಬರಿದು ಮಾಡಿದ ಹಾಗೆ. ಕರೆಂಟು ಎರಡು ಪಟ್ಟು ಎಳೆದರೆ ಒಳಗಿನ ಬಿಸಿ ನಾಲ್ಕು ಪಟ್ಟು. ನಲವತ್ತು ಡಿಗ್ರಿಯ ರಾಯಚೂರಿನ ಬಿಸಿಲಲ್ಲಿ ಆ ಬಿಸಿಯನ್ನು ಹೊರಹಾಕಬೇಕಾದ ರೇಡಿಯೇಟರ್ ಎಷ್ಟು ದೊಡ್ಡದಿರಬೇಕು? ಅದರ ಖರ್ಚನ್ನು ವರ್ಷಕ್ಕೊಮ್ಮೆಯೂ 140 ಮುಟ್ಟದ ಗಿರಾಕಿಯೂ ಕೊಡಬೇಕಲ್ಲ.

ಕಂಪನಿಗಳ ಸ್ವಾರ್ಥ ಇಲ್ಲೇ ಒಳಬರುತ್ತದೆ. ಬ್ಯಾಟರಿಗೆ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಕಾರಿನ ಅತಿ ದುಬಾರಿ ಭಾಗಕ್ಕೆ ಎಂಟು ವರ್ಷ ಹೊಣೆ ಹೊತ್ತವನು ಅದನ್ನು ದಿನಾ ಹಿಂಡಲು ಬಿಡುತ್ತಾನೆಯೇ? ಜೊತೆಗೆ ಕಿಲೋಮೀಟರಿನ ಮರ್ಯಾದೆ. ನಮ್ಮ ದೇಶದಲ್ಲಿ ಒಂದು ಚಾರ್ಜಿಗೆ ಇಷ್ಟು ದೂರ ಎಂದು ಸಾರಲು ಬಳಸುತ್ತ ಬಂದ ಎಂಐಡಿಸಿ ಪರೀಕ್ಷೆಯಲ್ಲಿ ವೇಗ 90 ದಾಟುವುದೇ ಇಲ್ಲ. ಹಾಗಾಗಿ ಅಲ್ಲಿ 437 ಕಿಲೋಮೀಟರ್ ಎಂದು ಬಂದ ನೆಕ್ಸಾನ್ ಮ್ಯಾಕ್ಸ್ ಹೆದ್ದಾರಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ಕೊಡುವುದರಲ್ಲಿ ಆಶ್ಚರ್ಯವಿಲ್ಲ. 170ರಲ್ಲಿ ಓಡಿಸಲು ಬಿಟ್ಟರೆ ಅದು ಇನ್ನೆಲ್ಲಿಗೆ ಇಳಿದೀತು, ಯೂಟ್ಯೂಬಿನಲ್ಲಿ ಯಾರು ಯಾರು ಏನೇನು ಅಂದಾರು! ಗಡಿ ಹಾಕಿಬಿಟ್ಟರೆ ಆ ವಿಡಿಯೊವೇ ಹುಟ್ಟುವುದಿಲ್ಲ.

ಸುರಕ್ಷತೆಗಾಗಿ ಎಂದು ಹೇಳುವವರೂ ಇದ್ದಾರೆ. ವೋಲ್ವೊ 2020ರಿಂದ ತನ್ನ ಎಲ್ಲ ಹೊಸ ಕಾರುಗಳನ್ನೂ, ಪೆಟ್ರೋಲಿನದೇ ಇರಲಿ ಕರೆಂಟಿನದೇ ಇರಲಿ, 180ಕ್ಕೆ ನಿಲ್ಲಿಸಿತು. ಮರುವರ್ಷ ರೆನೊ ಕೂಡ ಅದೇ ದಾರಿ ಹಿಡಿಯುವುದಾಗಿ ಹೇಳಿತು. ವೋಲ್ವೊದ ಕಾಳಜಿಯನ್ನು ಅನುಮಾನಿಸಲಾರೆ, ಮೂರು ಬಿಂದುವಿನ ಸೀಟ್ ಬೆಲ್ಟನ್ನು 1959ರಲ್ಲಿ ಕಾರಿಗೆ ತಂದ ಕಂಪನಿ ಅದು. ಆದರೂ 180ರಲ್ಲಿ ಗುದ್ದಿದವನು ಬದುಕುವುದು ಅಪರೂಪ, ಇನ್ನೂ ಕೆಳಗೇ ಗೆರೆ ಎಳೆಯಬಹುದಿತ್ತು. ಎಲೆಕ್ಟ್ರಿಕ್‌ಗೆ ಪೂರ್ತಿ ಹೊರಳುವುದಾಗಿ ಆಗ ಸಾರಿದ್ದ ಕಂಪನಿಗೆ 180 ಎಂಬುದು ಸುರಕ್ಷತೆಗೂ ಬ್ಯಾಟರಿಗೂ ಒಟ್ಟಿಗೆ ಅನುಕೂಲವಾದ ಅಂಕಿ ಎಂದು ನನ್ನ ಗುಮಾನಿ. ಅದರದೇ ಬಂಧು ಪೋಲ್‌ಸ್ಟಾರ್ 2 ಮಾತ್ರ 205 ಹೋಗುತ್ತದೆ. ಸೋದರರ ಮನೆಯಲ್ಲೂ ಒಂದೇ ಮಡಿ ಇಲ್ಲ.

ಹಾಗೆಂದು ಗಡಿ ಹಾಕುವುದು ಎಲೆಕ್ಟ್ರಿಕ್ ಕಾಲದ ಆವಿಷ್ಕಾರವೇನಲ್ಲ. ಜರ್ಮನಿಯ ದೊಡ್ಡ ಕಾರು ಕಂಪನಿಗಳು 1980ರ ದಶಕದ ಕೊನೆಯಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡು 250ಕ್ಕೆ ನಿಲ್ಲಿಸಿದವು. ಸರ್ಕಾರವೇ ಆಟೊಬಾನ್‌ಗೆ ಮಿತಿ ಹಾಕಿಬಿಟ್ಟೀತು ಎಂಬ ಅಂಜಿಕೆ ಇದರ ಹಿಂದಿತ್ತು. ಪೋರ್ಷೆ ಆ ಪಂಕ್ತಿಯಲ್ಲಿ ಕೂರಲಿಲ್ಲ. ಜಪಾನಿನಲ್ಲಿ ಸ್ವದೇಶಿ ಮಾರಾಟದ ಕಾರಿಗೆ 180, ಪುಟ್ಟ ಕೇ ಕಾರಿಗೆ 140 ಎಂದು ದಶಕಗಳಿಂದ ನಡೆದುಬಂದಿದೆ. ನಮ್ಮಲ್ಲಿ ಹಳದಿ ಬೋರ್ಡಿನ ಟ್ಯಾಕ್ಸಿಗೆ 80ರ ಸ್ಪೀಡ್ ಗವರ್ನರ್. 2019ರ ಜುಲೈನಿಂದ ಹೊಸ ಕಾರುಗಳೆಲ್ಲ 80 ದಾಟಿದರೆ ಆಗಾಗ ಬೀಪ್ ಅನ್ನುತ್ತವೆ, 120 ದಾಟಿದರೆ ಬಾಯಿ ಮುಚ್ಚುವುದೇ ಇಲ್ಲ.

ಮಜವೆಂದರೆ ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೊಟ್ಟಮೊದಲ ಕಾರು ಎಲೆಕ್ಟ್ರಿಕ್ ಕಾರೇ. ಬೆಲ್ಜಿಯಮ್ಮಿನ ಕಮೀಯ್ ಜೆನಾಟ್ಸಿ 1899ರಲ್ಲಿ ಪ್ಯಾರಿಸ್ ಹತ್ತಿರದ ಅಶೇರ್‌ನಲ್ಲಿ, ಬಾಂಬಿನಾಕಾರದ ಗಾಡಿಯ ಮೇಲೆ ಅರ್ಧ ಮೈ ಗಾಳಿಗೊಡ್ಡಿ ಕೂತು 105.88 ಮುಟ್ಟಿದ್ದ. ಗೇರೇ ಇಲ್ಲದೆ ಎರಡು ಮೋಟಾರುಗಳು ನೇರ ಹಿಂದಿನ ಚಕ್ರಕ್ಕೆ. ಗಾಡಿಯ ಹೆಸರಿನ ಅರ್ಥ, ಎಂದೂ ತೃಪ್ತಳಾಗದವಳು. ಅದಾಗಿ ನೂರು ವರ್ಷ ಕಳೆದು, 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಚೇತನ್ ಮೈನಿಯವರ ರೇವಾ ಗಂಟೆಗೆ 80 ದಾಟುತ್ತಿರಲಿಲ್ಲ. ಸೀಸದ ಬ್ಯಾಟರಿ, ಊರೊಳಗಿನ ಓಡಾಟ, ಅದಕ್ಕೆ ಅಷ್ಟೇ ಸಾಕಿತ್ತು. ಬಿವೈಡಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ ನಿಮಿಷಕ್ಕೆ 30,000 ಸುತ್ತಿನ ನಾಲ್ಕು ಮೋಟಾರ್ ಇಟ್ಟುಕೊಂಡು 2025ರಲ್ಲಿ ಅದೇ ಪಾಪೆನ್‌ಬುರ್ಗ್‌ನಲ್ಲಿ 496 ದಾಟಿತು. ಹಿಂದಕ್ಕೆ ಓಡಿದ ನೆವೆರಾ ಮುಂದಕ್ಕೆ 412 ಹೋಗುತ್ತದೆ, ಆದರೆ ಕೋಟಿಗಟ್ಟಲೆ ಕೊಟ್ಟು ಕೊಂಡವನ ಕೈಗೆ ಬರುವಾಗ 352ಕ್ಕೆ ಕಟ್ಟಿಹಾಕಿ ಕೊಡುತ್ತಾರೆ. ಅದರ ಮೇಲೆ ಬೇಕಿದ್ದರೆ ಕಂಪನಿಯ ಜನರೇ ಟ್ರ್ಯಾಕಿಗೆ ಬಂದು, ಟೈರು ನೋಡಿ, ಬಿಚ್ಚಬೇಕು. ನೂರ ನಲವತ್ತಕ್ಕೆ ಕಟ್ಟು ಬಿದ್ದವನಿಗೆ ಇದರಿಂದ ಸಮಾಧಾನವಾದೀತೋ ಇಲ್ಲವೋ.

ಆ ದಿನ ನಾವು ಮಂಡ್ಯ ಮುಟ್ಟಿದ ಮೇಲೆ ತಂಗಿಯ ಮಗಳ ಸ್ಕೂಟರ್ ತರಲು ಒಂದು ಗ್ಯಾರೇಜಿಗೆ ಹೋದೆವು. ಅವಳಿನ್ನೂ ಪಿಯುಸಿ. ಗಂಟೆಗೆ 25 ಕಿಲೋಮೀಟರ್ ಮೀರದ, 250 ವ್ಯಾಟಿನೊಳಗಿನ ಎಲೆಕ್ಟ್ರಿಕ್ ಸ್ಕೂಟರನ್ನು ನಮ್ಮ ಕಾನೂನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನೋಂದಣಿ ಬೇಡ, ಲೈಸೆನ್ಸ್ ಬೇಡ. ಅಲ್ಲಿ ಸ್ಕೂಟರಿನ ಸೀಟೆತ್ತಿ ಕೂತಿದ್ದ ಹುಡುಗ ಬೇರೆ ಯಾರದೋ ಗಾಡಿಯ ಕಂಟ್ರೋಲರ್ ತೆಗೆದು, ಅದರ ವೈರುಗಳ ಗೊಂಚಲಿನಿಂದ ಒಂದು ಜೋಡಿ ಬಿಳಿ ವೈರನ್ನು ಎಳೆದು ತೋರಿಸಿದ. ಎರಡನ್ನೂ ಒಂದು ಪುಟ್ಟ ಸಾಕೆಟ್‌ನಲ್ಲಿ ಸೇರಿಸಿತ್ತು. “ಇದೇ ಸಾರ್ ಸ್ಪೀಡ್ ಲಿಮಿಟ್. ಬಿಡಿಸಿದ್ರೆ ನಲವತ್ತು ಹೋಗುತ್ತೆ.” ಬಿಡಿಸಿದ ಕ್ಷಣವೇ ಅದು ನೋಂದಣಿ, ಇನ್ಶೂರೆನ್ಸ್ ಏನೂ ಇಲ್ಲದ ಮೋಟಾರು ವಾಹನವಾಗಿಬಿಡುತ್ತದೆ, ಪೊಲೀಸ್ ಹಿಡಿದರೂ ಕಷ್ಟ, ಯಾರಿಗಾದರೂ ಗುದ್ದಿದರಂತೂ ಇನ್ನೂ ಕಷ್ಟ. ಮಗಳ ಗಾಡಿಯಲ್ಲಿ ಅದನ್ನು ಮುಟ್ಟಬೇಡ ಎಂದು ತಂಗಿಯ ಗಂಡ ಎರಡು ಸಲ ಹೇಳಿದ.

ಆಮೇಲೆ ಸ್ವಲ್ಪ ಹೊತ್ತು ಆ ವೈರನ್ನೇ ನೋಡುತ್ತ ನಿಂತ. “ನಮ್ಮ ಕಾರಲ್ಲೂ ಇಂಥದ್ದು ಇರುತ್ತೇನಪ್ಪ?”

ಹುಡುಗ ತಲೆಯೆತ್ತಿ ಹೊರಗೆ ನಿಂತ ಕಾರನ್ನು ನೋಡಿದ. “ಅದ್ರಲ್ಲಿ ವೈರ್ ಇರಲ್ಲ ಸಾರ್, ಸಾಫ್ಟ್‌ವೇರು. ಬೆಂಗ್ಳೂರಲ್ಲಿ ಯಾರಾದ್ರೂ ಮಾಡಿಕೊಟ್ರೂ ಕೊಟ್ಟಾರು. ವಾರಂಟಿ ಹೋಯ್ತದೆ. ಬ್ಯಾಟರಿ ರೇಟ್ ಎಷ್ಟು ಹೇಳವ್ರೆ ನಿಮ್ಗೆ?”

ಇವನು ಲಕ್ಷಗಳಲ್ಲಿ ಒಂದು ಅಂಕಿ ಹೇಳಿದ. ಹುಡುಗ ಶಿಳ್ಳೆ ಹೊಡೆದು, ಬಿಳಿ ವೈರನ್ನು ಮತ್ತೆ ಗೊಂಚಲಿನೊಳಗೆ ಸೇರಿಸಿ ಟೇಪ್ ಸುತ್ತತೊಡಗಿದ.